ನಾಲ್ಕನೇ ಲೈನಿನ ದೀಪ

ಗಾಜಿನ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು. ಆಚೆ ಕೂತವರ ಕಿವಿಯಲ್ಲಿ ಫೋನು, ಬೆರಳು ಕೀಬೋರ್ಡಿನ ಮೇಲೆ. ‘ನಿಮ್ಮ ಹೆಸರು? ಯಾವ ಊರು? ಏನು ಕೇಳಬೇಕಿತ್ತು?’ ಎಂದು ಮೆಲುದನಿಯಲ್ಲಿ ವಿಚಾರಿಸುತ್ತಾರೆ. ಅವರು ಟೈಪ್ ಮಾಡಿದ್ದು ಈಚೆ ಕೂತ ನಿರೂಪಕರ ಮುಂದಿನ ಪರದೆಯಲ್ಲಿ ಒಂದೊಂದೇ ಸಾಲಾಗಿ ಮೂಡುತ್ತದೆ. ಒಂದನೇ ಲೈನು: ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸಬಹುದೇ? ಎರಡನೆಯದು: ಗಂಡ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾರೆ, ಏನು ಮಾಡಲಿ? ಮೂರನೆಯದು: ಆದಿಕಾಂಡದ ಆರು ದಿನ ಎಂದರೆ ನಮ್ಮ 24 ಗಂಟೆಯ ದಿನಗಳೇ? ನಾಲ್ಕನೇ ಲೈನಿನ ಪಕ್ಕದಲ್ಲಿ ಇರುವುದು ಒಂದೇ ಮಾತು: ‘ಒಪ್ಪುವುದಿಲ್ಲ.’

ನಾಲ್ಕು ದೀಪಗಳೂ ಮಿಣುಕುತ್ತಿವೆ. ಯಾವುದನ್ನು ಮೊದಲು ಒತ್ತಬೇಕು?

ಅಮೆರಿಕದ ಕ್ರೈಸ್ತ ಟಾಕ್ ರೇಡಿಯೊದಲ್ಲಿ ಇದು ದಿನನಿತ್ಯದ ನೋಟ. ಒಬ್ಬ ನಿರೂಪಕ, ಎದುರಿಗೊಂದು ತೆರೆದ ಬೈಬಲ್, ಒಂದು ಮೈಕು, ಆ ದೊಡ್ಡ ದೇಶದ ಯಾವ ಮೂಲೆಯಿಂದಲೋ ಬರುವ ಕರೆಗಳು. ಹೊಗಳುವವರು ಬರುತ್ತಾರೆ, ಸಂಶಯ ಹೊತ್ತವರು ಬರುತ್ತಾರೆ, ಸಿಟ್ಟಾದವರೂ ಬರುತ್ತಾರೆ. ಒಪ್ಪದವರನ್ನು ಸರದಿಯ ಮುಂದಕ್ಕೆ ತರುವುದು ಅನೇಕ ನಿರೂಪಕರ ರೂಢಿ. ಬಿಸಿಯಾದ ಮಾತಿಗೆ ಕೇಳುಗರು ಕಿವಿ ನಿಮಿರಿಸುತ್ತಾರೆ ಎಂಬುದೂ ಅದಕ್ಕೊಂದು ಕಾರಣ. ಆದರೆ ಮುಂದಕ್ಕೆ ಕರೆದ ಮಾತ್ರಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಕರೆದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಆ ಮೇಜಿನ ಮೇಲಿರುವ ಯಂತ್ರಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಫೋನಿನ ದನಿಯನ್ನು ಸ್ಟುಡಿಯೋದ ದನಿಯೊಡನೆ ಬೆಸೆಯುವ ಪೆಟ್ಟಿಗೆಗೆ ‘ಹೈಬ್ರಿಡ್’ ಎನ್ನುತ್ತಾರೆ. ನಿರೂಪಕರು ಬಾಯಿ ತೆರೆದ ಕೂಡಲೇ ಕರೆ ಮಾಡಿದವರ ದನಿ ತಾನಾಗಿ ತಗ್ಗುವಂತೆ ಅದನ್ನು ಹೊಂದಿಸಿಡಬಹುದು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಮನೆಯಲ್ಲಿ ಕೂತವರಿಗೆ ಕೇಳುವುದು ಹೆಚ್ಚಾಗಿ ಒಬ್ಬರದೇ ದನಿ. ‘ಪಾಪ, ಉತ್ತರ ತೋಚದೆ ಸುಮ್ಮನಾದರು’ ಎಂದುಕೊಳ್ಳುತ್ತೇವೆ; ಆ ಹೊತ್ತಿಗೆ ಆತ ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿರಲೂಬಹುದು. ಇನ್ನೊಂದು ಯಂತ್ರ ಪ್ರಸಾರವನ್ನು ಕೆಲವು ಸೆಕೆಂಡು ತಡೆದು ಬಿಡುತ್ತದೆ. ಬಾಯಿಂದ ಕೆಟ್ಟ ಮಾತು ಹೊರಟರೆ ಅದು ಗಾಳಿಗೆ ಸೇರುವ ಮೊದಲೇ ಗುಂಡಿಯೊತ್ತಿ ಅಳಿಸುವುದಕ್ಕೆಂದು ಈ ಏರ್ಪಾಡು. ಇವೆರಡರ ಪಕ್ಕದಲ್ಲಿ ಫೇಡರ್ ಎಂಬ ಜಾರುಕಡ್ಡಿ. ಬೆರಳಿನಿಂದ ಒಂದಿಷ್ಟು ಕೆಳಕ್ಕೆಳೆದರೆ ಮನುಷ್ಯನೇ ಮಾಯ.

ಎಂದರೆ, ಈ ಜಗಳ ಸಮಬಲದವರ ಜಗಳವಲ್ಲ. ಒಬ್ಬನ ಕೈಯಲ್ಲಿ ಮೈಕು, ಫೇಡರ್, ಗಡಿಯಾರ, ಕೊನೆಯ ಮಾತು ಎಲ್ಲವೂ ಇವೆ. ಇನ್ನೊಬ್ಬನ ಕೈಯಲ್ಲಿ ಇರುವುದು ಒಂದು ಫೋನು.

ಈ ಅಸಮತೋಲ ಹಿಂದೊಮ್ಮೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು. 1964ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದ ರೆಡ್ ಲಯನ್ ಎಂಬ ಪುಟ್ಟ ಊರಿನ ರೇಡಿಯೊ ಸ್ಟೇಷನ್ನು ಪಾದ್ರಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಅವರ 15 ನಿಮಿಷದ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ರಾಜಕಾರಣಿ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಟೀಕಿಸಿ ಪುಸ್ತಕ ಬರೆದಿದ್ದ ಫ್ರೆಡ್ ಕುಕ್ ಎಂಬ ಲೇಖಕರನ್ನು ಹಾರ್ಗಿಸ್ ಅದರಲ್ಲಿ ಕಟುವಾಗಿ ಹಳಿದಿದ್ದರು. ಉತ್ತರ ಹೇಳಲು ಸಮಯ ಕೊಡಿ ಎಂದು ಕುಕ್ ಕೇಳಿದರು. ಪುಕ್ಕಟೆಯಾಗಿ ಕೊಡಲು ಸ್ಟೇಷನ್ನು ಒಪ್ಪಲಿಲ್ಲ. 1969ರ ಜೂನಿನಲ್ಲಿ ಸುಪ್ರೀಂ ಕೋರ್ಟು ಕುಕ್ ಪರವಾಗಿ ತೀರ್ಪು ಕೊಟ್ಟಿತು. ಪ್ರಸಾರ ಮಾಡುವವರ ಹಕ್ಕಿಗಿಂತ ಕೇಳುವವರ ಹಕ್ಕು ದೊಡ್ಡದು ಎಂಬುದು ಆ ತೀರ್ಪಿನ ತಿರುಳು. ಆದರೆ ಎರಡೂ ಕಡೆಯ ಅಭಿಪ್ರಾಯಕ್ಕೆ ಜಾಗ ಕೊಡಬೇಕೆಂದು 1949ರಿಂದ ಜಾರಿಯಲ್ಲಿದ್ದ ನಿಯಮವನ್ನು ಅಲ್ಲಿನ ಪ್ರಸಾರ ಆಯೋಗ 1987ರಲ್ಲಿ ಕೈಬಿಟ್ಟಿತು. ಹೆಸರು ಹಿಡಿದು ಟೀಕಿಸಿದರೆ ಉತ್ತರಕ್ಕೆ ಅವಕಾಶ ಕೊಡಬೇಕೆಂಬ ನಿಯಮವೂ 2000ದಲ್ಲಿ ಹೋಯಿತು. ಅಲ್ಲಿಂದೀಚೆಗೆ ಒಪ್ಪದವನ ಮಾತಿಗೆ ಕಾನೂನಿನ ಆಸರೆಯಿಲ್ಲ. ಇರುವುದು ನಿರೂಪಕನ ಅಂತಃಕರಣವೊಂದೇ.

ಆ ಅಂತಃಕರಣ ಹೇಗೆ ಸೋಲುತ್ತದೆ ಎಂಬುದನ್ನು ನಾನು ಕೇಳಿದ್ದು 2011ರ ಬೇಸಿಗೆಯ ಹೊಸ್ತಿಲಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನಿಂದ ಫ್ರೀಮಾಂಟಿಗೆ ಹೋಗುವ 880 ಹೆದ್ದಾರಿಯಲ್ಲಿ. ಸಂಜೆಯ ಟ್ರಾಫಿಕ್ಕಿನಲ್ಲಿ ಕಾರುಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ರೇಡಿಯೊದಲ್ಲಿ ಹೆರಾಲ್ಡ್ ಕ್ಯಾಂಪಿಂಗ್. ಬರ್ಕ್ಲಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು, ಓಕ್ಲ್ಯಾಂಡಿನ ‘ಫ್ಯಾಮಿಲಿ ರೇಡಿಯೊ’ ಕಟ್ಟಿದವರಲ್ಲೊಬ್ಬರು. 1961ರಿಂದ ‘ಓಪನ್ ಫೋರಂ’ ಎಂಬ ಕಾರ್ಯಕ್ರಮದಲ್ಲಿ ಕರೆಗಳಿಗೆ ಉತ್ತರ ಹೇಳುತ್ತಾ ಬಂದ ಅವರಿಗೆ ಆಗ 89 ವರ್ಷ. 2011ರ ಮೇ 21ಕ್ಕೆ ತೀರ್ಪಿನ ದಿನ ಬರುತ್ತದೆ ಎಂದು ಅವರು ಸಾರಿದ್ದರು. ಹೆದ್ದಾರಿಯ ಬದಿಗಳಲ್ಲಿ ದೊಡ್ಡ ದೊಡ್ಡ ಫಲಕಗಳು ಅದೇ ದಿನಾಂಕವನ್ನು ಹೊತ್ತು ನಿಂತಿದ್ದವು.

ಅವರದು ಆಳವಾದ, ನಿಧಾನದ ದನಿ. ಯಾರು ಎಷ್ಟೇ ರೇಗಿದರೂ ಅದು ಏರುತ್ತಿರಲಿಲ್ಲ. ಕಡೆಯ ದಿನದ ವೇಳೆ ದೇವರೊಬ್ಬನಿಗೇ ಗೊತ್ತು ಎಂದು ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನಲ್ಲ ಎಂದು ಜನ ಮತ್ತೆ ಮತ್ತೆ ಕರೆ ಮಾಡಿ ನೆನಪಿಸುತ್ತಿದ್ದರು. ಜ್ಞಾನಿಯ ಹೃದಯಕ್ಕೆ ಕಾಲವೂ ನ್ಯಾಯವೂ ತಿಳಿಯುತ್ತದೆ ಎಂಬ ಅರ್ಥ ಬರುವ ಪ್ರಸಂಗಿಯ ಮಾತೊಂದನ್ನು ಅವರು ಎದುರಿಗಿಡುತ್ತಿದ್ದರು. ಆಮೇಲೆ, ಕರೆ ಮಾಡಿದ್ದಕ್ಕೆ ವಂದನೆ, ಮುಂದಿನ ಕರೆ ತೆಗೆದುಕೊಳ್ಳೋಣವೇ ಎನ್ನುವ ಅವರ ಎಂದಿನ ಮಾತು. ಲೈನು ಕಡಿದುಹೋಗುತ್ತಿತ್ತು.

ಕೆಟ್ಟ ಮಾತಿಲ್ಲ, ಗದರಿಕೆಯಿಲ್ಲ. ಸೌಜನ್ಯಕ್ಕೆ ಒಂದು ಕೊರತೆಯೂ ಇರಲಿಲ್ಲ. ಆದರೂ ಸ್ಟಿಯರಿಂಗ್ ಹಿಡಿದು ಕೂತ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು. ಕರೆ ಮಾಡಿದವರಲ್ಲಿ ಒಬ್ಬರಾದರೂ ಆ ಮನುಷ್ಯನ ಒಳಗೆ ಇಳಿದರೇ? ‘ಇದನ್ನು ನಾನು ಯೋಚಿಸಬೇಕು’ ಎಂಬ ಮಾತು ಆ ತಿಂಗಳುಗಳಲ್ಲಿ ಒಮ್ಮೆಯೂ ನನ್ನ ಕಿವಿಗೆ ಬೀಳಲಿಲ್ಲ. ಮೇ 21 ಬಂತು, ಹೋಯಿತು. ಎರಡು ದಿನ ಬಿಟ್ಟು ಅವರು ಮತ್ತೆ ಮೈಕಿನ ಮುಂದೆ ಕೂತು, ತೀರ್ಪು ಅದೃಶ್ಯವಾಗಿ ನಡೆದಿದೆ, ಲೋಕದ ಅಂತ್ಯ ಅಕ್ಟೋಬರ್ 21ಕ್ಕೆ ಎಂದರು. ಜೂನಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅಕ್ಟೋಬರಿನ ದಿನವೂ ಸುಮ್ಮನೆ ಕಳೆಯಿತು. 2012ರ ಮಾರ್ಚಿನಲ್ಲಿ, ದಿನ ಗೊತ್ತುಮಾಡಿದ್ದು ಪಾಪವಾಯಿತು, ಮತ್ತಾಯನ ಆ ವಚನವನ್ನು ಎತ್ತಿ ತೋರಿಸಿದವರೇ ಸರಿ ಎಂದು ಪತ್ರದಲ್ಲಿ ಒಪ್ಪಿಕೊಂಡರು. 2013ರ ಡಿಸೆಂಬರಿನಲ್ಲಿ ತೀರಿಹೋದರು. ತಪ್ಪೊಪ್ಪಿಕೊಳ್ಳಲು ಎದೆಗಾರಿಕೆ ಬೇಕು, ಆ ಗೌರವ ಅವರಿಗೆ ಸಲ್ಲಬೇಕು. ಆದರೆ ಆ ಪತ್ರದಲ್ಲಿದ್ದುದನ್ನು ಹೆಸರಿಲ್ಲದ ಎಷ್ಟೋ ಜನ ಅವರ ಕಿವಿಗೇ ಫೋನು ಹಚ್ಚಿ ಹೇಳಿದ್ದರು. ಮೆತ್ತಗೆ ಮಾತಾಡುವುದೇ ಬೇರೆ, ಕೇಳಿಸಿಕೊಳ್ಳುವುದೇ ಬೇರೆ ಎಂದು ನಾನು ಕಲಿತದ್ದು ಆ ಹೆದ್ದಾರಿಯಲ್ಲಿ.

ಅದೇ ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಇನ್ನೊಂದು ಬಗೆಯ ಅಭ್ಯಾಸ ಬೆಳೆದಿತ್ತು. 1993ರಲ್ಲಿ ‘ಸ್ಟ್ಯಾಂಡ್ ಟು ರೀಸನ್’ ಸಂಸ್ಥೆ ಕಟ್ಟಿದ ಗ್ರೆಗ್ ಕೋಕಲ್ ರೇಡಿಯೊದಲ್ಲಿ ವರ್ಷಗಟ್ಟಲೆ ಕರೆ ತೆಗೆದುಕೊಂಡವರು. ‘ಕೊಲಂಬೊ’ ಎಂಬ ಟಿವಿ ಪತ್ತೇದಾರ ಸುಕ್ಕುಬಿದ್ದ ಕೋಟು ತೊಟ್ಟು, ತಲೆ ಕೆರೆದುಕೊಳ್ಳುತ್ತಾ ಪ್ರಶ್ನೆ ಕೇಳುತ್ತಿದ್ದನಲ್ಲ, ಅವನ ಹೆಸರನ್ನೇ ಕೋಕಲ್ ತಮ್ಮ ವಿಧಾನಕ್ಕೆ ಇಟ್ಟರು. ಎದುರಿನವರು ಏನಾದರೂ ಹೇಳಿದರೆ ಮೊದಲು ಎರಡು ಪ್ರಶ್ನೆ: ನೀವು ಹೇಳಿದ್ದರ ಅರ್ಥವೇನು? ಈ ತೀರ್ಮಾನಕ್ಕೆ ಹೇಗೆ ಬಂದಿರಿ? ಇಬ್ಬರಲ್ಲಿ ಯಾರೇ ಸಿಟ್ಟಾದರೂ ಸೋತದ್ದು ನೀವೇ ಎಂಬುದು ಅವರ ಇನ್ನೊಂದು ಪಾಠ. ಈ ಪ್ರಶ್ನೆಗಳು ಎದುರಾಳಿಯನ್ನು ಸಿಕ್ಕಿಸುವ ಬಲೆಯೂ ಆಗಬಹುದು, ಅವನ ಮನೆಯ ಬಾಗಿಲು ತಟ್ಟುವ ಕೈಯೂ ಆಗಬಹುದು. ಅದು ಕೇಳುವವನ ಮನಸ್ಸಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ.

ಬಾಗಿಲನ್ನೇ ತೆರೆದಿಟ್ಟವರೂ ಇದ್ದಾರೆ. ಸ್ಯಾನ್ ಡಿಯೇಗೊ ಕಡೆಯಿಂದ 1998ರಲ್ಲಿ ಶುರುವಾದ ‘ಕ್ಯಾಥೊಲಿಕ್ ಆನ್ಸರ್ಸ್ ಲೈವ್’ ಕೆಲವು ಗಂಟೆಗಳನ್ನು ಕ್ಯಾಥೊಲಿಕರಲ್ಲದವರಿಗೇ, ನಾಸ್ತಿಕರಿಗೇ ಮೀಸಲಿಟ್ಟಿತು. ಲಂಡನ್ನಿನ ಪ್ರೀಮಿಯರ್ ಕ್ರಿಶ್ಚಿಯನ್ ರೇಡಿಯೊದಲ್ಲಿ ಜಸ್ಟಿನ್ ಬ್ರೈರ್ಲಿ 2005ರಿಂದ ‘ಅನ್‌ಬಿಲೀವಬಲ್?’ ನಡೆಸಿದರು. ನಂಬುವವರನ್ನೂ ನಂಬದವರನ್ನೂ ಒಂದೇ ಮೇಜಿಗೆ ಕೂರಿಸಿ, ತಾವು ನಡುವೆ ಕೂತು, ಇಬ್ಬರಿಗೂ ಮಾತು ಹಂಚಿದರು. ಹೊರಗಿನವರೊಡನೆ ವಾದಿಸುವುದಕ್ಕಿಂತ ಒಳಗಿನವರ ಭಿನ್ನಮತವನ್ನು ತಾಳುವುದೇ ಕಷ್ಟ ಎಂಬುದೂ ಈ ಲೋಕದಲ್ಲಿ ಕಂಡಿದೆ. 1960ರಲ್ಲಿ ವಾಲ್ಟರ್ ಮಾರ್ಟಿನ್ ಆರಂಭಿಸಿದ ಸಂಸ್ಥೆಯ ‘ಬೈಬಲ್ ಆನ್ಸರ್ ಮ್ಯಾನ್’ ಕಾರ್ಯಕ್ರಮವನ್ನು ಅವರ ನಂತರ ನಡೆಸಿದ ಹ್ಯಾಂಕ್ ಹ್ಯಾನಗ್ರಾಫ್ 2017ರಲ್ಲಿ ಆರ್ಥೊಡಾಕ್ಸ್ ಸಭೆ ಸೇರಿದರು. ಬಾಟ್ ರೇಡಿಯೊ ನೆಟ್‌ವರ್ಕ್ ಎಂಬ ಪ್ರಸಾರ ಜಾಲ ತನ್ನ ಸ್ಟೇಷನ್ನುಗಳಲ್ಲಿ ಅವರ ಕಾರ್ಯಕ್ರಮವನ್ನೇ ನಿಲ್ಲಿಸಿತು. ಅಷ್ಟು ವರ್ಷ ಉತ್ತರ ಹೇಳಿದವರ ಕೈಯಿಂದಲೇ ಫೇಡರ್ ಜಾರಿತು.

ಕೆಲವು ವರ್ಷಗಳ ನಂತರ ಒಂದು ಸಂಜೆ, ಬೇರೊಂದು ಸ್ಟೇಷನ್ನಿನಲ್ಲಿ, ಆ ನಾಲ್ಕನೇ ದೀಪ ನಾನೇ ಆದೆ.

ಯೇಸುವನ್ನು ನಂಬದೆ ಯಾರಿಗೂ ರಕ್ಷಣೆಯಿಲ್ಲ ಎಂದು ನಿರೂಪಕರು ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಕಾರನ್ನು ಅಂಗಡಿ ಸಾಲಿನ ಮುಂದೆ ನಿಲ್ಲಿಸಿ ಫೋನು ಮಾಡಿದೆ. ಆಚೆಯಿಂದ ಹೆಣ್ಣುದನಿ ಹೆಸರು, ಊರು, ವಿಷಯ ಕೇಳಿತು. ‘ಒಪ್ಪುವುದಿಲ್ಲ, ಅದಕ್ಕೇ ಫೋನು ಮಾಡಿದೆ’ ಎಂದೆ. ‘ಒಳ್ಳೆಯದಾಯಿತು. ನಿಮ್ಮ ರೇಡಿಯೊ ಆರಿಸಿಬಿಡಿ. ಇಲ್ಲವಾದರೆ ನಿಮ್ಮ ಮಾತೇ ತಡವಾಗಿ ಕೇಳಿಸಿ ಗಲಿಬಿಲಿಯಾಗುತ್ತದೆ’ ಎಂದರು. ಇಪ್ಪತ್ತು ನಿಮಿಷ ಕಾದೆ. ಫೋನು ಕಿವಿಗೆ ಬಿಸಿಯಾಯಿತು.

ಲೈನು ತೆರೆದಾಗ ನಾಲಿಗೆ ಒಣಗಿತ್ತು. ಹೇಗೋ ಹೇಳಿದೆ: ‘ನನ್ನ ಅಜ್ಜಿ ಮಲೆನಾಡಿನ ಹಳ್ಳಿಯವರು. ಬೆಳಗ್ಗೆ ತುಳಸಿಗೆ ನೀರೆರೆಯದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಯೇಸುವಿನ ಹೆಸರು ಅವರ ಕಿವಿಗೇ ಬೀಳಲಿಲ್ಲ. ಅವರಿಗೆ ರಕ್ಷಣೆಯಿಲ್ಲ ಎನ್ನುವ ದೇವರನ್ನು ನಾನು ಹೇಗೆ ಒಪ್ಪಲಿ?’

ಅವರು ಕೂಡಲೇ ಉತ್ತರಿಸಲಿಲ್ಲ. ರೇಡಿಯೊದಲ್ಲಿ ಎರಡು ಸೆಕೆಂಡಿನ ಮೌನವೂ ದೊಡ್ಡ ಹೊಂಡದ ಹಾಗೆ ಕಾಣುತ್ತದೆ. ಆಮೇಲೆ, ‘ನಿಮ್ಮ ಅಜ್ಜಿಯ ಹೆಸರೇನು?’ ಎಂದರು. ಹೇಳಿದೆ. ಅವರ ನಾಲಿಗೆಗೆ ಒಗ್ಗಲಿಲ್ಲ. ಎರಡು ಸಲ ಕೇಳಿ ತಿದ್ದಿಕೊಂಡರು. ಮೂರನೆಯ ಸಲ ಸರಿಯಾಗಿ ಹೇಳಿದರು.

‘ನಿಮ್ಮ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ, ತಪ್ಪಿದ್ದರೆ ತಿದ್ದಿ’ ಎಂದು ಶುರುಮಾಡಿದರು. ‘ತಿಳಿಯುವ ಅವಕಾಶವನ್ನೇ ಕೊಡದೆ ತಿಳಿಯಲಿಲ್ಲ ಎಂದು ಶಿಕ್ಷಿಸುವುದು ನ್ಯಾಯವಲ್ಲ. ಅಂಥ ನ್ಯಾಯಾಧೀಶನನ್ನು ನಾವು ಭೂಮಿಯ ಮೇಲೇ ಒಪ್ಪುವುದಿಲ್ಲ, ಪರಲೋಕದಲ್ಲಿ ಒಪ್ಪುವುದು ಹೇಗೆ? ಇದೇ ಅಲ್ಲವೇ ನಿಮ್ಮ ಪ್ರಶ್ನೆ?’ ನಾನು ಹೇಳಲು ತಡವರಿಸಿದ್ದನ್ನು ಅವರು ನನಗಿಂತ ಚೆನ್ನಾಗಿ ಹೇಳಿದ್ದರು. ನಮ್ಮ ಕಡೆಯ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಎದುರಿನವನ ಮಾತಿನ ಕೊನೆಯ ಎಳೆಯನ್ನು ಹಿಡಿದೇ ತನ್ನ ಮಾತನ್ನು ಎತ್ತುತ್ತಾನೆ. ಎದುರಿನವನನ್ನು ಬಡವ ಮಾಡಿ ಗೆದ್ದರೆ ಪ್ರಸಂಗವೇ ಬಡವಾಗುತ್ತದೆ. ಅದು ನೆನಪಾಯಿತು.

ಅವರು ತಮ್ಮ ನಂಬಿಕೆಯನ್ನು ನನಗಾಗಿ ಸಡಿಲಿಸಲಿಲ್ಲ. ರಕ್ಷಣೆಗೆ ಬೇರೆ ದಾರಿಯಿಲ್ಲ ಎಂದೇ ಮತ್ತೆ ಹೇಳಿದರು. ಆಮೇಲೆ, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ಅನ್ಯಾಯ ಮಾಡಿಯಾನೇ ಎಂದು ಅಬ್ರಹಾಮನು ದೇವರನ್ನೇ ಕೇಳುವ ಆದಿಕಾಂಡದ ಪ್ರಸಂಗವನ್ನು ನೆನೆದರು. ‘ನಿಮ್ಮ ಅಜ್ಜಿಯ ಮೇಲೆ ತೀರ್ಪು ಕೊಡುವ ಕುರ್ಚಿ ನನ್ನದಲ್ಲ’ ಎಂದರು. ನನಗೆ ಸಮಾಧಾನವಾಗಲಿಲ್ಲ, ಹಾಗೆಂದೇ ಹೇಳಿದೆ. ‘ನಿಮ್ಮ ಉತ್ತರ ನನ್ನ ಪ್ರಶ್ನೆಯನ್ನು ಮುಟ್ಟಲಿಲ್ಲ.’ ‘ಇರಬಹುದು’ ಎಂದರು ಅವರು.

ಕಿವಿಗೊಡುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎಂದು ಅವರದೇ ಬೈಬಲ್ಲಿನ ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ನಂಬಿಕೆಗೆ ಕಾರಣ ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಹೇಳಬೇಕೆಂದು ಪೇತ್ರನ ಮೊದಲ ಪತ್ರ ತಿಳಿಸುತ್ತದೆ. ಅವೆರಡೂ ಆ ಸಂಜೆ ನನಗೆ ಫೋನಿನಲ್ಲಿ ಕೇಳಿಸಿದವು. ನನ್ನ ದನಿಯನ್ನು ತಗ್ಗಿಸುವ ಯಂತ್ರ ಅಲ್ಲೂ ಇದ್ದೀತು. ನಾನು ಮಾತಾಡುವಾಗ ಅವರು ಬಾಯಿ ತೆರೆಯದಿದ್ದುದರಿಂದ ಅದಕ್ಕೆ ಕೆಲಸವೇ ಬೀಳಲಿಲ್ಲ. ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ದನಿಯ ಇಂಪು ಸಾಕ್ಷಿಯಾಗಲಾರದು. ನಮ್ಮ ಆಕ್ಷೇಪವನ್ನು ಅವರು ತಿರುಗಿ ಹೇಳಿದಾಗ ‘ಹೌದು, ಅದೇ’ ಎಂದು ನಮ್ಮ ಬಾಯಲ್ಲಿ ಬಂದರೆ ಅದೇ ಸಾಕ್ಷಿ. ಬಲವೆಲ್ಲ ಯಾರ ಕೈಯಲ್ಲಿದೆಯೋ ಈ ಕೆಲಸ ಮೊದಲು ಅವರದು.

ಅಷ್ಟರಲ್ಲಿ ಜಾಹೀರಾತಿನ ಹೊತ್ತಾಯಿತು. ಹಿನ್ನೆಲೆಯಲ್ಲಿ ಸಂಗೀತ ಏರತೊಡಗಿತು. ಕರೆಯನ್ನು ಮುಗಿಸಲು ಅದಕ್ಕಿಂತ ಸುಲಭದ ಗಳಿಗೆ ಬೇರಿಲ್ಲ. ‘ನಮ್ಮ ಮಾತು ಮುಗಿದಿಲ್ಲ. ಲೈನಿನಲ್ಲೇ ಇರುತ್ತೀರಾ?’ ಎಂದು ಕೇಳಿದರು.

ಇದ್ದೆ. ಹಾಸಿಗೆಯ ಜಾಹೀರಾತು, ವಿಮೆಯ ಜಾಹೀರಾತು, ಹವಾಮಾನ ವರದಿ ಎಲ್ಲವೂ ಫೋನಿನೊಳಗೆ ಸಾಗಿಹೋದವು. ಅಂಗಡಿಗಳ ದೀಪ ಒಂದೊಂದಾಗಿ ಹತ್ತಿಕೊಂಡವು. ಎಲ್ಲೋ ಒಂದು ಮೇಜಿನ ಮೇಲೆ ನನ್ನ ದೀಪವೂ ಆರದೆ ಮಿಣುಕುತ್ತಿರಬೇಕು ಎಂದುಕೊಂಡೆ. ಸಂಗೀತ ಇಳಿಯಿತು. ಹಿಂದಿರುಗಿ ಬಂದವರು ಮೊದಲು ಆಡಿದ ಮಾತು ನನ್ನ ಅಜ್ಜಿಯ ಹೆಸರು. ಈ ಸಲ ಅವರ ನಾಲಿಗೆ ತೊಡರಲಿಲ್ಲ.