ಆರದ ಒಲೆ, ತೊಳೆಯದ ಕಾವಲಿ

ಹೋಟೆಲಿನಲ್ಲಿ ದೋಸೆ ಹೇಳಿದರೆ ಐದು ನಿಮಿಷದಲ್ಲಿ ತಟ್ಟೆ ಮುಂದೆ ಬರುತ್ತದೆ. ಮನೆಯಲ್ಲಾದರೆ ಅದೇ ದೋಸೆಗೆ ಕಾಲು ಗಂಟೆ ಕಾಯಬೇಕು. ಭಟ್ಟರ ಕೈಚಳಕ ಇದ್ದದ್ದೇ; ಆದರೆ ಮುಖ್ಯ ಕಾರಣ ಹೋಟೆಲಿನ ಕಾವಲಿ ಬೆಳಗಿನಿಂದ ಕಾದೇ ಇರುವುದು. ಗಿರಾಕಿ ಬಂದಾಗಲೆಲ್ಲ ಒಲೆ ಹೊತ್ತಿಸಿ, ಅವನು ಕೈ ತೊಳೆದೊಡನೆ ಆರಿಸುವ ಹೋಟೆಲು ಒಂದು ವಾರವೂ ನಡೆಯಲಾರದು.

ಕಂಪ್ಯೂಟರ್ ಮಾತ್ರ ಬಹುಮಟ್ಟಿಗೆ ಹೀಗೆಯೇ ನಡೆದುಕೊಳ್ಳುತ್ತದೆ.

ಪೈಥಾನ್ ಭಾಷೆಯಲ್ಲಿ ಐದು ಸಾಲಿನ ಪ್ರೋಗ್ರಾಂ ಬರೆದು, ಕಪ್ಪು ಪರದೆಯ ಕಮಾಂಡ್ ಲೈನಿನಲ್ಲಿ ಅದರ ಹೆಸರು ಕೊಟ್ಟು ಎಂಟರ್ ಒತ್ತಿದಿರಿ ಎನ್ನಿ. ಪೈಥಾನ್ ಯಂತ್ರಕ್ಕೆ ನೇರವಾಗಿ ತಿಳಿಯುವ ಭಾಷೆಯಲ್ಲ. ನಡುವೆ ದುಭಾಷಿ ಬೇಕು. ಇಂಟರ್‌ಪ್ರಿಟರ್ ಎಂಬ ತಂತ್ರಾಂಶವೇ ಆ ದುಭಾಷಿ. ಅದು ಡಿಸ್ಕಿನಿಂದ ಮೆಮೊರಿಗೆ ಬರಬೇಕು, ನೀವು ಕೇಳಿದ ಲೈಬ್ರರಿಗಳನ್ನು ತುಂಬಿಕೊಳ್ಳಬೇಕು. ಆಮೇಲೆ ನಿಮ್ಮ ಐದು ಸಾಲು. ಉತ್ತರ ಕೊಟ್ಟೊಡನೆ ಎಲ್ಲವೂ ಅಳಿಸಿಹೋಗುತ್ತದೆ. ಮತ್ತೆ ಎಂಟರ್ ಒತ್ತಿದರೆ ಮೊದಲಿನಿಂದ ಅದೇ ಪಾಡು. ಬರಿಯ ಪೈಥಾನ್ ಸೆಕೆಂಡಿನ ಸಣ್ಣ ಭಾಗದಲ್ಲಿ ಎದ್ದು ನಿಲ್ಲುತ್ತದೆ. ಆದರೆ ನಕ್ಷೆ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನಂತಹ ದೊಡ್ಡ ಲೈಬ್ರರಿ ಸೇರಿದರೆ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಲವು ಸೆಕೆಂಡು ಕಾಯಬೇಕಾಗುತ್ತದೆ.

ದುಭಾಷಿಗೆ ನಿದ್ದೆ ಬೇಡ

ಇದಕ್ಕೆ ಉಪಾಯ, ದುಭಾಷಿಯನ್ನು ಮಲಗಗೊಡದಿರುವುದು. ಇಂಟರ್‌ಪ್ರಿಟರನ್ನು ಒಮ್ಮೆ ಎಬ್ಬಿಸಿ, ಲೈಬ್ರರಿಗಳನ್ನು ತುಂಬಿಸಿ, ಸರ್ವರಿನಂತೆ ಕಾಯುತ್ತ ಕೂರಿಸುವುದು. ಕಮಾಂಡ್ ಲೈನಿನಿಂದ ಒಂದು ಪುಟ್ಟ ಪ್ರೋಗ್ರಾಂ ನಿಮ್ಮ ಕೆಲಸವನ್ನು ಅದಕ್ಕೆ ಒಯ್ದು ಕೊಡುತ್ತದೆ, ಉತ್ತರವನ್ನು ತಂದು ಪರದೆಗೆ ಹಾಕುತ್ತದೆ. ಹೋಟೆಲಿನ ಸಪ್ಲೈಯರ್ ಮಾಡುವ ಕೆಲಸ ಇದು.

ಈ ಯೋಚನೆ ಹೊಸದಲ್ಲ. 1993ರಲ್ಲಿ ಬಂದ ಸಿಜಿಐ ಪದ್ಧತಿಯಲ್ಲಿ, ಜಾಲತಾಣಕ್ಕೆ ಪ್ರತಿ ಕೋರಿಕೆ ಬಂದಾಗಲೂ ಹೊಸದಾಗಿ ಒಂದು ಪ್ರೋಗ್ರಾಂ ಏಳಬೇಕಿತ್ತು. ಜನ ಹೆಚ್ಚಿದಂತೆ ಯಂತ್ರ ಏದುಸಿರು ಬಿಟ್ಟಿತು. 1996ರ ಹೊತ್ತಿಗೆ ಫಾಸ್ಟ್‌ಸಿಜಿಐ, ಮಾಡ್‌ಪರ್ಲ್ ಬಂದು ಒಲೆ ಆರದಂತೆ ನೋಡಿಕೊಂಡವು. ಜಾವಾ ಭಾಷೆಗೆ ಇದೇ ಕೆಲಸವನ್ನು ನೇಲ್‌ಗನ್ ಎಂಬ ತಂತ್ರಾಂಶ ಮಾಡಿತು.

ಹಳೆಯ ಎಂಜಲು

ಇಷ್ಟು ತಿಳಿದ ಮೇಲೆ ನಾನು ಸುಮ್ಮನಿರಲಿಲ್ಲ. ಸರಳ ಲೋಲಕದ ಉದ್ದ ಮತ್ತು ಆವರ್ತ ಕಾಲದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿದು ನಕ್ಷೆ ಬರೆಯುವ ಪ್ರೋಗ್ರಾಮನ್ನು ಮಕ್ಕಳಿಗೆ ಕೊಟ್ಟಿದ್ದೆ. 42 ಪ್ರೋಗ್ರಾಂಗಳನ್ನು ಒಂದೊಂದಾಗಿ ಓಡಿಸಿ ನೋಡುವುದು ಬೇಸರದ ಕೆಲಸ. ಎಚ್ಚರವಾಗಿರುವ ಒಂದೇ ಇಂಟರ್‌ಪ್ರಿಟರಿಗೆ ಎಲ್ಲವನ್ನೂ ಸಾಲಾಗಿ ಕೊಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಅಂಕ ಹಾಕಿ ಪಟ್ಟಿ ಅಂಟಿಸಿದೆ.

ಮಾರನೆಯ ದಿನ ಹುಡುಗನೊಬ್ಬ ಬಂದು, "ಸಾರ್, ನನ್ನ ಪ್ರೋಗ್ರಾಂ ಮನೇಲಿ ಓಡ್ತಾನೇ ಇಲ್ಲ. ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ" ಎಂದ.

"ಇಲ್ಲಿ ಓಡಿತಲ್ಲಪ್ಪ" ಎಂದೆ. ತೆಗೆದು ನೋಡಿದರೆ, ಪೈ ಬೆಲೆ ಕೊಡುವ ಸಾಲನ್ನೇ ಅವನು ಬರೆದಿರಲಿಲ್ಲ. ಹಾಗಿದ್ದರೆ ಸರಿ ಉತ್ತರ ಬಂದದ್ದೆಲ್ಲಿಂದ? ಅವನ ಹಿಂದಿನ ಹುಡುಗಿ 'ಪೈ' ಎಂದು ಹೆಸರಿಟ್ಟು ಬರೆದಿದ್ದ ಬೆಲೆ ಇಂಟರ್‌ಪ್ರಿಟರಿನ ಮೆಮೊರಿಯಲ್ಲಿ ಹಾಗೆಯೇ ಕುಳಿತಿತ್ತು! ಒಲೆ ಆರಿರಲಿಲ್ಲ, ನಿಜ. ಕಾವಲಿಯನ್ನೂ ಯಾರೂ ಒರೆಸಿರಲಿಲ್ಲ.

ಪಟ್ಟಿಯನ್ನು ಕಿತ್ತು, ಎಲ್ಲವನ್ನೂ ಬೇರೆ ಬೇರೆಯಾಗಿ ಓಡಿಸಿದೆ. ಇನ್ನೂ ಮೂವರ ಪ್ರೋಗ್ರಾಂ ಹೀಗೆಯೇ ಎರವಲು ಬೆಲೆಯಲ್ಲಿ ಓಡಿದ್ದವು. ಕೇಳಿದ ಹುಡುಗನಿಗೆ ಎರಡು ಅಂಕ ಕಡಿಮೆಯಾಯಿತು. ತಾನಾಗಿ ಬಂದು ಹೇಳದಿದ್ದರೆ ನನ್ನ ತಪ್ಪು ನನಗೇ ತಿಳಿಯುತ್ತಿರಲಿಲ್ಲ ಎಂದು ತರಗತಿಯ ಮುಂದೆ ಹೇಳಿದೆ.

ಯುಗ್ಮಜದ ಪಾಠ

ವೇಗವೂ ಬೇಕು, ಶುಚಿಯೂ ಬೇಕು ಎಂದರೆ ದಾರಿಯಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನನ್ನೇ ನೋಡಿ. ಫೋನ್ ಹೊತ್ತಿಕೊಂಡಾಗ ಅದರೊಳಗೆ 'ಜೈಗೋಟ್' ಎಂಬ ಪ್ರೋಗ್ರಾಂ ಎದ್ದು, ಎಲ್ಲರಿಗೂ ಬೇಕಾದ ಸಾಮಗ್ರಿಯನ್ನು ಮೊದಲೇ ತುಂಬಿಕೊಂಡು ಕಾಯುತ್ತದೆ. ನೀವು ಆ್ಯಪ್ ತೆರೆದಾಗ ಅದು ತನ್ನದೇ ಪ್ರತಿಯೊಂದನ್ನು ಮಾಡಿ ಕೆಲಸಕ್ಕೆ ಬಿಡುತ್ತದೆ. ಆ್ಯಪ್ ಮುಗಿದರೆ ಪ್ರತಿ ಹೋಗುತ್ತದೆ, ಮೂಲ ಕೆಡುವುದಿಲ್ಲ. ಜೀವಶಾಸ್ತ್ರದ ಯುಗ್ಮಜದ ಹೆಸರು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಈಗ ನಾನೂ ಪ್ರತಿ ವಿದ್ಯಾರ್ಥಿಗೆ ಇಂಟರ್‌ಪ್ರಿಟರಿನ ಒಂದೊಂದು ಪ್ರತಿ ಮಾಡಿಯೇ ಓಡಿಸುತ್ತೇನೆ.

ವಿದ್ಯಾರ್ಥಿಗಳೇ, ಜುಪಿಟರ್ ನೋಟ್‌ಬುಕ್ಕಿನಲ್ಲಿ ಪೈಥಾನ್ ಕಲಿಯುವವರು ದಿನವೂ ಬಳಸುವುದು ಇಂಥದೇ ಎಚ್ಚರದ ಇಂಟರ್‌ಪ್ರಿಟರನ್ನು. ನೀವು ಅಳಿಸಿದ ಸಾಲಿನ ಬೆಲೆಯೂ ಅದರ ನೆನಪಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಒಪ್ಪಿಸುವ ಮುನ್ನ ಒಮ್ಮೆ ಅದನ್ನು ರೀಸ್ಟಾರ್ಟ್ ಮಾಡಿ, ಮೊದಲ ಸಾಲಿನಿಂದ ಓಡಿಸಿ. ಆಗಲೂ ಉತ್ತರ ಬಂದರೆ ಅದು ನಿಮ್ಮದು.

ಮನೆಯ ಹಿರಿಯರಿಗೂ ಒಂದು ಮಾತು. ಹೀಗೆ ಕಾಯುವ ಸರ್ವರ್ ಯಾರು ಏನು ಕೊಟ್ಟರೂ ಓಡಿಸಿಬಿಡಬಹುದು. ಅದು ತನ್ನ ಕಂಪ್ಯೂಟರಿನ ಮಾತನ್ನು ಮಾತ್ರ ಕೇಳುವಂತಿರಬೇಕು, ಹೊರಗಿನ ಜಾಲಕ್ಕೆ ತೆರೆದಿರಬಾರದು. ಒಲೆ ಉರಿಯುತ್ತಿರುವಾಗ ಅಡುಗೆಮನೆಯ ಹಿಂಬಾಗಿಲಿಗೆ ಅಗುಳಿ ಹಾಕಿರುವುದು ಒಳ್ಳೆಯದು.