ಮಂಗನ ಕಾಯಿಲೆಯ ವಂಶಾವಳಿ

1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಬೆನ್ನಿಗೇ ಸೌದೆಗೆ, ಸೊಪ್ಪಿಗೆ ಹೋದವರು ಜ್ವರ ಹಿಡಿದು ಮಲಗಿದರು. ಸುದ್ದಿ ಕೇಳಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಎದೆ ಧಸಕ್ಕೆಂದಿತು. ಮಂಗನನ್ನೂ ಮನುಷ್ಯನನ್ನೂ ಒಟ್ಟಿಗೆ ಬಲಿ ತೆಗೆದುಕೊಳ್ಳುವುದರಲ್ಲಿ ಹಳದಿ ಜ್ವರ ಕುಖ್ಯಾತ. ಅದು ಅಲ್ಲಿಯವರೆಗೆ ಭಾರತಕ್ಕೆ ಕಾಲಿಟ್ಟಿರಲಿಲ್ಲ.

ಕೇಂದ್ರದ ಟೆಲ್ಫೋರ್ಡ್ ವರ್ಕ್ ಅವರ ತಂಡ ಕಾಡು ಹೊಕ್ಕಿತು. ಬಿಸಿಲಿಗೆ ಹೆಣ ಬೇಗ ಕೊಳೆಯುತ್ತಿತ್ತು; ಅದಕ್ಕೂ ಮೊದಲು ಹುಡುಕಿ ಕೊಯ್ಯಬೇಕಿತ್ತು. ಕಡೆಗೂ ವೈರಸ್ ಕೈಗೆ ಸಿಕ್ಕಿತು. ಹಳದಿ ಜ್ವರದ್ದಲ್ಲ! ಆದರೆ ಅದರ ನಂಟಸ್ತಿಕೆ ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದೊಂದಿಗೆ. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ?

ವಲಸೆ ಹಕ್ಕಿಗಳು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕಿತು. ವರ್ಷಗಟ್ಟಲೆ ದುಡಿದರೂ ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಇತ್ತ ನೆಲದಲ್ಲಿ ಹೆರಾಲ್ಡ್ ಟ್ರಾಪಿಡೊ, ಪಿ.ಕೆ. ರಾಜಗೋಪಾಲನ್ ಮುಂತಾದ ಉಣುಗು ಸಂಶೋಧಕರ ಕೆಲಸ ಸಾಗಿತ್ತು. ತರಗೆಲೆಯ ಮೇಲೆ ಬಟ್ಟೆ ಎಳೆದರೆ ಸಾಸಿವೆಗಿಂತ ಚಿಕ್ಕ ಮರಿ ಉಣುಗುಗಳು ಅದಕ್ಕೆ ಕಚ್ಚಿಕೊಳ್ಳುತ್ತಿದ್ದವು. ಒಂದೊಂದನ್ನೂ ಚಿಮಟದಿಂದ ಬಿಡಿಸಿ ಸೀಸೆಗೆ ಹಾಕಬೇಕಿತ್ತು. ಆ ಕೆಲಸದ ಅಪಾಯ ಊಹಿಸಿದರೆ ಇಂದಿಗೂ ಮೈ ಜುಂ ಎನ್ನುತ್ತದೆ.

ಕಾಯಿಲೆ ಮಲೆನಾಡಿನಲ್ಲೇ ನಿಲ್ಲಲಿಲ್ಲ. 1982–83ರಲ್ಲಿ ಅದು ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಿಡಿಯಿತು. ಗೇರು ತೋಪಿಗಾಗಿ ಮೀಸಲು ಅರಣ್ಯ ಬೋಳಾಗಿದ್ದ ಪಟ್ರಮೆ, ನಿಡ್ಲೆಯ ಆಸುಪಾಸಿನಲ್ಲಿ ಮನೆಮನೆಯಲ್ಲೂ ಜ್ವರ. ಸಾವಿರಕ್ಕೂ ಮಿಕ್ಕಿ ಜನ ನರಳಿದರು, ಹಲವರು ಮರಳಲಿಲ್ಲ. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂದರು ಊರವರು. ಕಾಡಿಗೂ ಕಾಯಿಲೆಗೂ ಕೊಂಡಿಯಿದೆ ಎಂಬುದನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಮೂಲದ ಒಗಟು ಮಾತ್ರ ಹಾಗೆಯೇ ಉಳಿಯಿತು. 1995ರಲ್ಲಿ ಅದಕ್ಕೆ ಅನಿರೀಕ್ಷಿತ ತಿರುವು ಬಂತು. ಸೌದಿ ಅರೇಬಿಯಾದ ಜೆದ್ದಾದಲ್ಲಿ ಕಸಾಯಿಯೊಬ್ಬನ ರಕ್ತದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್, ಕ್ಯಾಸನೂರಿನದರ ಒಡಹುಟ್ಟಿನಂತಿತ್ತು. ಭಾರತದಿಂದಲೇ ಹೋಗಿರಬೇಕೆಂದು ಹಲವರು ಭಾವಿಸಿದರು. 

ಈಗ ಶೋಧ ಕಾಡು ಬಿಟ್ಟು ಕಂಪ್ಯೂಟರಿಗೆ ಬಂತು. ಪುಣೆಯವರು 1957ರಿಂದ 2006ರವರೆಗಿನ 48 ವೈರಸ್ ಮಾದರಿಗಳ ಜೀನ್ ತುಣುಕುಗಳನ್ನು ಓದಿ, ತಾಳೆ ನೋಡಿದರು. 2009ರಲ್ಲಿ ಬಂದ ಲೆಕ್ಕ: ಇವುಗಳ ಮತ್ತು ಸೌದಿ ವೈರಸ್‌ನ ಸಮಾನ ಪೂರ್ವಜ ಸುಮಾರು 1942ರದ್ದು. ಕ್ಯಾಸನೂರಿಗೆ ಹದಿನೈದೇ ವರ್ಷ ಹಿಂದೆ! ಕತೆ ಮುಗಿಯಿತೆನ್ನುವಷ್ಟರಲ್ಲಿ, 2011ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ವಿಜ್ಞಾನಿಗಳು 16 ಸೌದಿ ಮತ್ತು 3 ಭಾರತೀಯ ವೈರಸ್‌ಗಳ ಇಡೀ ಜೀನೋಮ್ ಓದಿ ಬೇರೆಯೇ ಉತ್ತರ ಕೊಟ್ಟರು. ಎರಡೂ ಕವಲೊಡೆದು ಕನಿಷ್ಠ 700 ವರ್ಷ.

ಈ ವೈರಸ್‌ನ ಜೀನೋಮ್ ಸುಮಾರು 10,800 ಅಕ್ಷರಗಳ ಆರ್‌ಎನ್‌ಎ.  ನಕಲಾಗುವಾಗ ಅಕ್ಷರಗಳು ಆಗೊಮ್ಮೆ ಈಗೊಮ್ಮೆ ತಪ್ಪುತ್ತವೆ; ಆ ತಪ್ಪುಗಳ ಅಂತರವೇ ಅಗಲಿಕೆಯ ಕಾಲವನ್ನು ಹೇಳಿತು. ಹಾಗಾದರೆ ಪಶ್ಚಿಮ ಘಟ್ಟಕ್ಕೆ ವೈರಸ್ ಹೊಸದಾಗಿ ಬಂದದ್ದಲ್ಲದಿರಬಹುದು. ಉಣುಗು ಮತ್ತು ಸಣ್ಣ ಪ್ರಾಣಿಗಳಲ್ಲಿ ಬಹುಕಾಲದಿಂದ ಸದ್ದಿಲ್ಲದೆ ಸುತ್ತುತ್ತಿದ್ದಿರಬೇಕು. ಮರ ಕಡಿದ ಜಾಗಕ್ಕೆ ದನ ನುಗ್ಗಿದವು, ದನದ ರಕ್ತ ಕುಡಿದು ಉಣುಗು ಹೆಚ್ಚಿದವು, ಅದೇ ದಾರಿಯಲ್ಲಿ ಜನರೂ ನಡೆದರು.