ಬಿಡುವ ಬಗೆ

ಕುಡಿತವನ್ನು ಬಿಡಿಸಲು ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡೇ ಮದ್ದುಗಳು ಬಳಕೆಯಲ್ಲಿವೆ: ಒಂದು ಆಣೆ, ಇನ್ನೊಂದು ಬೈಗುಳ. ಎರಡಕ್ಕೂ ಕಾಸು ಖರ್ಚಿಲ್ಲ. ಎರಡನ್ನೂ ಯಾರು ಬೇಕಾದರೂ ಕೊಡಬಹುದು. ಆಣೆಯಿಟ್ಟವನು ಮರುದಿನವೇ ಬಿಟ್ಟರೆ ಗಂಡಸೆನಿಸಿಕೊಳ್ಳುತ್ತಾನೆ. ಬಿಡದಿದ್ದರೆ ಮಾತಿಗೆ ತಪ್ಪಿದವನಾಗುತ್ತಾನೆ. ಬಹುಕಾಲ ಮದ್ಯಕ್ಕೆ ಒಗ್ಗಿದ ದೇಹವು ಅದನ್ನು ಒಮ್ಮೆಗೇ ತೊರೆದಾಗ ಪ್ರಾಣಾಪಾಯಕ್ಕೆ ಗುರಿಯಾಗಬಹುದೆಂಬ ಸಂಗತಿ ಓದುಬರಹ ಬಲ್ಲ ಅನೇಕರಿಗೂ ತಿಳಿದಿಲ್ಲ. ಆ ಅಪಾಯವನ್ನು ನಿವಾರಿಸುವ ಔಷಧವೊಂದಿದೆಯೆಂಬುದಾಗಲಿ, ಅಂಕೆ ತಪ್ಪಿದರೆ ಅದೇ ಔಷಧ ಇನ್ನೊಂದು ಸೆರೆಮನೆಯಾಗುವುದೆಂಬುದಾಗಲಿ ಅವರ ಗಮನಕ್ಕೆ ಬಂದಂತಿಲ್ಲ.

ನಾನು ವೈದ್ಯನಲ್ಲ, ಮಾರ್ಕೋನಹಳ್ಳಿ ಜಲಾಶಯದ ನಾಲೆಯ ಬಯಲಿನಲ್ಲಿ ಹಲವು ವರ್ಷ ಮಕ್ಕಳಿಗೆ ವಿಜ್ಞಾನವನ್ನು ಕಲಿಸಿದ ಉಪಾಧ್ಯಾಯ. ಹಳ್ಳಿಯಲ್ಲಿ ಮೇಷ್ಟರಾದವನು ಅರ್ಜಿ ಬರೆಯುವುದರಿಂದ ಹಿಡಿದು ಔಷಧದ ಚೀಟಿ ಓದಿ ಹೇಳುವುದರವರೆಗೆ ಎಲ್ಲಕ್ಕೂ ಬೇಕಾಗುತ್ತಾನೆ. ಈ ಮಾತ್ರೆಗಳ ಪರಿಚಯ ನನಗೆ ಆದದ್ದು ಆ ದಾರಿಯಿಂದಲೇ.

ಯುಗಾದಿಯ ಮರುದಿನ ನಮ್ಮ ಊರಿನ ರೈತನೊಬ್ಬ ದೇವರ ಮುಂದೆ ಕರ್ಪೂರ ಆರಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆಯಿಟ್ಟ. ಹತ್ತಾರು ವರ್ಷ ದಿನವೂ ಕುಡಿದವನು. ಮೊದಲ ದಿನ ಕೈ ನಡುಗಿತು. ಎರಡನೆಯ ದಿನ ನಿದ್ರೆ ಹತ್ತಲಿಲ್ಲ, ಮೈಯೆಲ್ಲ ಬೆವರಿತು. ಮೂರನೆಯ ರಾತ್ರಿ ಅವನಿಗೆ ಸೂರಿನ ತೊಲೆಯ ಮೇಲೆ ಹಾವುಗಳು ಹರಿದಾಡುವುದು ಕಾಣಿಸಿತು. ಹೆಂಡತಿಯ ಗುರುತು ಹತ್ತದೆ, ಕತ್ತಲಲ್ಲಿ ನಾಲೆಯ ಕಡೆಗೆ ಓಡತೊಡಗಿದ. ಆಕೆ ನಮ್ಮ ಬಾಗಿಲಿಗೆ ಬಂದು, “ಗಾಳಿ ಸೋಕೈತೆ ಅಂತವ್ರೆ ಮೇಷ್ಟ್ರೇ, ತಾಯತ ಕಟ್ಟಿಸಿದ್ರೆ ಸರಿಹೋಗ್ತದಂತೆ” ಎಂದಳು. “ತಾಯತ ಆಮೇಲೆ ಆಗಲಿ ತಾಯಿ, ಮೊದಲು ಆಸ್ಪತ್ರೆಗೆ ನಡಿ” ಎಂದೆ. ನಾಲ್ಕು ಮಂದಿ ಹಿಡಿದು ಅವನನ್ನು ವಾಹನಕ್ಕೆ ಏರಿಸಿದರು.

ಅವನಿಗೆ ಸೋಕಿದ ಗಾಳಿಗೆ ವೈದ್ಯಶಾಸ್ತ್ರದಲ್ಲಿ ಹೆಸರುಂಟು. ಥಾಮಸ್ ಸಟನ್ ಎಂಬ ಆಂಗ್ಲ ವೈದ್ಯನು 1813ರಲ್ಲಿಯೇ ಇದನ್ನು ‘ಡೆಲಿರಿಯಂ ಟ್ರೆಮೆನ್ಸ್’ ಎಂದು ಕರೆದನು. ನಡುಕದ ಸನ್ನಿ ಎನ್ನಬಹುದು. ನಿತ್ಯ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಆರೇಳು ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ, ವಾಕರಿಕೆ, ಕಳವಳಗಳು ತಲೆದೋರುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಕವಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರು ಸಣ್ಣ ತೊಂದರೆಯಲ್ಲಿ ಪಾರಾಗುತ್ತಾರೆ. ಆದರೆ ಹಿಂದೊಮ್ಮೆ ಸೆಳವು ಅಥವಾ ಸನ್ನಿ ಬಂದಿದ್ದವರು, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಿಲ್ಲದವರು, ಬೇರೆ ಕಾಯಿಲೆಯಿಂದ ಬಳಲುವವರು ಮನೆಯಲ್ಲಿ ಒಂಟಿಯಾಗಿ ಈ ಸಾಹಸಕ್ಕೆ ಇಳಿಯಬಾರದು. ಚಿಕಿತ್ಸೆಯಿಲ್ಲದ ಸನ್ನಿಯಲ್ಲಿ ಹಿಂದೆ ಬಹುಮಂದಿ ಸಾಯುತ್ತಿದ್ದರು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಈಗ ಸಾಯುವವರು ವಿರಳ.

ಕಾರಣವನ್ನು ತಿಳಿಯಲು ಹಳೆಯ ಏತವನ್ನು ನೆನೆಯಬಹುದು. ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಮಿದುಳಿನಲ್ಲಿಯೂ ಉದ್ರೇಕಿಸುವ ಶಕ್ತಿಯೊಂದು, ಶಮನಗೊಳಿಸುವ ಶಕ್ತಿಯೊಂದು ಸಮತೂಕದಲ್ಲಿರುತ್ತವೆ. ಮದ್ಯವು ಶಮನದ ಕಡೆಯ ಭಾರವನ್ನು ದಿನವೂ ಹೆಚ್ಚಿಸುತ್ತದೆ. ಮಿದುಳು ಸುಮ್ಮನಿರದೆ ಉದ್ರೇಕದ ತುದಿಗೂ ಕಲ್ಲು ಹೇರುತ್ತ ಹೋಗುತ್ತದೆ. ವರ್ಷಗಳು ಕಳೆದ ಮೇಲೆ ಒಂದು ದಿನ ಮದ್ಯವನ್ನು ಥಟ್ಟನೆ ತೆಗೆದರೆ ಆ ಕಡೆ ಹಗುರವಾಗಿ, ಈ ಕಡೆಯ ಕಲ್ಲು ರಭಸದಿಂದ ಬೀಳುತ್ತದೆ. ಆ ಪೆಟ್ಟೇ ನಡುಕ, ಆ ಪೆಟ್ಟೇ ಸೆಳವು, ಆ ಪೆಟ್ಟೇ ತೊಲೆಯ ಮೇಲಿನ ಹಾವು. ಇಲ್ಲಿ ಮನೋಬಲದ ಕೊರತೆಯೇನೂ ಇಲ್ಲ. ನಮ್ಮ ರೈತನು ಆಣೆಯನ್ನು ಉಳಿಸಿಕೊಂಡದ್ದರಿಂದಲೇ ಅವನಿಗೆ ಸನ್ನಿ ಬಂತು.

ನಮ್ಮ ನಾಡಿಗೆಲ್ಲ ಈ ಪಾಠವನ್ನು 2020ರ ವಸಂತ ಕಲಿಸಿತು. ಕೊರೋನಾ ಪಿಡುಗಿನಿಂದಾಗಿ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕರ್ನಾಟಕದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದದ್ದು ಮೇ 4ರಂದು. ಒಂದೇ ರಾತ್ರಿಯಲ್ಲಿ ಅಸಂಖ್ಯಾತ ಜನ ಬಲವಂತದ ಆಣೆಗೆ ಒಳಗಾದಂತಾಯಿತು. ಸೆಳವು, ಸನ್ನಿಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಆ ದಿನಗಳಲ್ಲಿ ಸುಮಾರು ಎರಡು ಪಟ್ಟಾಯಿತೆಂದು ವೈದ್ಯರು ದಾಖಲಿಸಿದರು. ನೆರೆಯ ಕೇರಳದ ಸರ್ಕಾರವು ವೈದ್ಯರ ಚೀಟಿ ತಂದವರಿಗೆ ಮದ್ಯವನ್ನೇ ಕೊಡಿಸಲು ಆಜ್ಞೆ ಹೊರಡಿಸಿತು. ವೈದ್ಯರು ಪ್ರತಿಭಟಿಸಿದರು, ಅಲ್ಲಿನ ಉಚ್ಚ ನ್ಯಾಯಾಲಯ ಏಪ್ರಿಲ್ ಮೊದಲ ವಾರದಲ್ಲಿ ಅದಕ್ಕೆ ತಡೆಯಿತ್ತಿತು. ವೈದ್ಯರ ವಾದ ಸರಳವಾಗಿತ್ತು: ಈ ಬಾಧೆಗೆ ಶಾಸ್ತ್ರಸಮ್ಮತವಾದ ಔಷಧವಿದೆ, ಮದ್ಯವು ಆ ಔಷಧವಲ್ಲ.

ಆ ಔಷಧಗಳ ವಂಶದ ಹೆಸರು ಬೆಂಜೊಡಯಾಜೆಪೀನ್. ಅದರ ಮೂಲಪುರುಷನೆನಿಸಿದ ಕ್ಲೋರ್‌ಡಯಾಜೆಪಾಕ್ಸೈಡ್ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ನಾಜಿಗಳ ಭಯದಿಂದ ಯುರೋಪನ್ನು ತೊರೆದು ಅಮೆರಿಕವನ್ನು ಸೇರಿದ್ದ ಲಿಯೋ ಸ್ಟರ್ನ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞನು ರೋಶ್ ಸಂಸ್ಥೆಯಲ್ಲಿ ಶಾಮಕ ಔಷಧವೊಂದನ್ನು ಹುಡುಕುತ್ತಿದ್ದ. ಪ್ರಯೋಗಗಳು ಫಲಿಸದೆ ಕೆಲಸವನ್ನೇ ಕೈಬಿಟ್ಟಿದ್ದಾಯಿತು. 1957ರಲ್ಲಿ ಪ್ರಯೋಗಶಾಲೆಯ ಮೇಜನ್ನು ಶುಚಿಗೊಳಿಸುವಾಗ, ಪರೀಕ್ಷಿಸದೆ ಮೂಲೆಯಲ್ಲಿ ಉಳಿದಿದ್ದ ಪುಡಿಯೊಂದು ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳುಹಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಮ್ಮನಾದ ಡಯಾಜೆಪಾಮ್, ವೇಲಿಯಂ ಎಂಬ ಹೆಸರಿನಿಂದ ಬಂದು ಅಣ್ಣನನ್ನೂ ಮೀರಿಸಿತು. 1969ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 537 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದು, ಮದ್ಯ ಬಿಟ್ಟವರ ಸೆಳವು ಹಾಗೂ ಸನ್ನಿಗಳನ್ನು ತಡೆಯುವುದರಲ್ಲಿ ಹೋಲಿಸಿ ನೋಡಿದ ಔಷಧಗಳ ಪೈಕಿ ಕ್ಲೋರ್‌ಡಯಾಜೆಪಾಕ್ಸೈಡ್ ಮೇಲೆಂದು ತೋರಿಸಿಕೊಟ್ಟಿತು. ಈ ವಂಶದ ಔಷಧಗಳೇ ಇಂದಿಗೂ ಆ ಚಿಕಿತ್ಸೆಯ ಆಧಾರವಾಗಿವೆ.

ಮದ್ಯವು ಮುಟ್ಟುವ ಶಮನದ ತಂತಿಯನ್ನೇ ಈ ಮಾತ್ರೆಯೂ ಮುಟ್ಟುತ್ತದೆ. ಮದ್ಯ ಹೋದ ಜಾಗದಲ್ಲಿ ಇದು ತತ್ಕಾಲಕ್ಕೆ ಭಾರವಾಗಿ ಕುಳಿತು, ಏತದ ಕಲ್ಲು ಧೊಪ್ಪನೆ ಬೀಳದಂತೆ ತಡೆಯುತ್ತದೆ. ಅನಂತರ ವೈದ್ಯರು ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ ಬಂದು, ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ನಿಲ್ಲಿಸಿಬಿಡುತ್ತಾರೆ. ನಮ್ಮ ಜಲಾಶಯವನ್ನು ನೋಡಲು ಬರುವವರು ಅದರ ಸೈಫನ್ನನ್ನು ಕಂಡು ಬೆರಗಾಗುತ್ತಾರೆ: ಶಿಂಷೆಯ ನೀರು ಮಟ್ಟ ಮೀರಿದೊಡನೆ ಯಾರೂ ಬಾಗಿಲೆತ್ತದೆ ಅದು ತಾನಾಗಿಯೇ ಹೆಚ್ಚಿನ ನೀರನ್ನು ಹೊರಕ್ಕೆ ಸೆಳೆದೊಯ್ಯುತ್ತದೆ. ಕುಡಿತಕ್ಕೆ ಒಗ್ಗಿದ ಮಿದುಳಿಗೆ ಅಂತಹ ಸೈಫನ್ ಇಲ್ಲ. ಅಲ್ಲಿ ತೂಬಿನ ಮೇಲೆ ತಿಳಿದವರ ಕೈ ಇರಬೇಕು. ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ.

ನಮ್ಮ ರೈತನ ವೈದ್ಯರು ಮಾಡಿದ್ದೂ ಅದನ್ನೇ. ಮೊದಲು ತಯಮಿನ್ ಎಂಬ ಬಿ-1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಬಹುಕಾಲ ಕುಡಿದವರ ಮೈಯಲ್ಲಿ ಅದು ಬತ್ತಿರುತ್ತದೆ, ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಯಕೃತ್ತನ್ನು ಪರೀಕ್ಷಿಸಿದರು, ಯಕೃತ್ತು ಕೆಟ್ಟವರಿಗೆ ಕ್ಲೋರ್‌ಡಯಾಜೆಪಾಕ್ಸೈಡ್ ಮೈಯಲ್ಲಿಯೇ ಶೇಖರವಾಗುವುದರಿಂದ ಲೊರಾಜೆಪಾಮಿನಂತಹ ಬೇರೆ ಮಾತ್ರೆ ಬೇಕಾಗುತ್ತದೆ. ಮನೆಗೆ ಕಳುಹಿಸುವಾಗ ಮಾತ್ರೆಗಳನ್ನು ಅವನ ಕೈಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟರು. ಯಾವ ದಿನ ಎಷ್ಟು ಎಂಬುದನ್ನು ನಾನು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಕೆ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಹೊತ್ತಿಗೆ ಸರಿಯಾಗಿ ಕೊಟ್ಟು, ದಿನಕ್ಕೊಂದು ಗೀಟು ಹೊಡೆಯುತ್ತ ಬಂದಳು.

ಐದನೆಯ ದಿನ ಪಕ್ಕದ ಮನೆಯ ಯುವಕನು ಬಂದು, “ಅಕ್ಕ, ನಂಗೂ ನಿದ್ದೆ ಬರಾಕಿಲ್ಲ, ಎರಡು ಮಾತ್ರೆ ಕೊಡು” ಎಂದು ಕೇಳಿದನಂತೆ. ಅವನು ಆಗಲೂ ಕುಡಿಯುತ್ತಿದ್ದವನು. ಆಕೆ ಕೊಡಲಿಲ್ಲ. ಅವನಿಗೆ ಬೇಸರವಾಯಿತು, ಆದರೆ ಅವನ ಜೀವ ಉಳಿದದ್ದು ಆ ಬೇಸರದಿಂದಲೇ ಇದ್ದೀತು. ಮದ್ಯದೊಡನೆ ಈ ಮಾತ್ರೆ ಕೂಡಿದರೆ ಎರಡು ಶಮನಗಳು ಒಂದರ ಮೇಲೊಂದು ಬಿದ್ದು, ನಿದ್ರೆಯಲ್ಲಿಯೇ ಉಸಿರು ನಿಲ್ಲಬಹುದು. ನೋವಿಗೆ ಕೊಡುವ ಅಫೀಮು ಜಾತಿಯ ಔಷಧಗಳೊಡನೆ ಕೂಡಿದರೂ ಇದೇ ಅಪಾಯ. ಬಿಡಲು ಕೊಟ್ಟ ಮಾತ್ರೆಯನ್ನು ನುಂಗುತ್ತ ಕುಡಿತವನ್ನೂ ಮುಂದುವರಿಸುವವನು ಒಮ್ಮೆಗೇ ಬಿಡುವವನಿಗಿಂತ ದೊಡ್ಡ ಗಂಡಾಂತರದಲ್ಲಿದ್ದಾನೆ. ಜಾರಿ ಕುಡಿದದ್ದೇ ಆದರೆ ಅದನ್ನು ಮುಚ್ಚಿಡದೆ, ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ಹೇಳಬೇಕು.

ಇನ್ನು ಕುಡಿಯದವರ ಮಾತು. ಇವರ ಸಂಖ್ಯೆ ನಮ್ಮ ವಾಚಕ ವರ್ಗದಲ್ಲಿಯೇ ಹೆಚ್ಚಿರಬಹುದು. ಪರೀಕ್ಷೆಯ ಭಯ, ಸಾಲದ ಚಿಂತೆ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವ ಕಳವಳ ಇವುಗಳಿಗಾಗಿ ಒಮ್ಮೆ ವೈದ್ಯರು ಬರೆದುಕೊಟ್ಟ ಆಲ್‌ಪ್ರಜೋಲಾಮಿನಂತಹ ಸಣ್ಣ ಮಾತ್ರೆಯನ್ನು ಹಳೆಯ ಚೀಟಿಯಿಂದಲೇ ವರ್ಷಗಟ್ಟಲೆ ನುಂಗುವ ಸಭ್ಯರನ್ನು ನಾನು ಬಲ್ಲೆ. ಮಾತ್ರೆ ನಿಜಕ್ಕೂ ಶಾಂತಿ ಕೊಡುತ್ತದೆ, ತೊಡಕಿರುವುದೂ ಅಲ್ಲಿಯೇ. ಕೆಲವು ವಾರಗಳಲ್ಲಿ ಮಿದುಳು ಅದಕ್ಕೂ ಕಲ್ಲು ಹೇರತೊಡಗುತ್ತದೆ. ಬಳಿಕ ಮಾತ್ರೆ ತಪ್ಪಿದ ದಿನ ಬರುವ ಕಳವಳವನ್ನು ಹಳೆಯ ರೋಗವೆಂದೇ ಭ್ರಮಿಸಿ ಇನ್ನೊಂದು ಮಾತ್ರೆ ನುಂಗುತ್ತಾರೆ. ಕಾವಲಿಗೆ ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ತುಮಕೂರಿನಲ್ಲಿದ್ದ ನನ್ನ ಹಿರಿಯ ಸ್ನೇಹಿತರೊಬ್ಬರು ನಿವೃತ್ತಿಯ ತರುವಾಯ, “ಇನ್ನೇಕೆ ಈ ಹಂಗು?” ಎಂದು ಆರು ವರ್ಷದ ಮಾತ್ರೆಯನ್ನು ಒಂದೇ ದಿನ ನಿಲ್ಲಿಸಿದರು. ನಾಲ್ಕನೆಯ ದಿನ ಸ್ನಾನದ ಮನೆಯಲ್ಲಿ ಸೆಳವು ಬಂದು ಬಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಮದ್ಯವನ್ನೂ ಮುಟ್ಟದವರು, ಕುಡುಕನಿಗೆ ಬರುವ ಬಾಧೆಯನ್ನೇ ಅನುಭವಿಸಿದರು. ಅವರನ್ನು ನೋಡಿದ ಮನೋವೈದ್ಯರು ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಕೊಟ್ಟು, ಅನಂತರ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಕಳವಳಕ್ಕೆ ಇದು ಕೆಲವೇ ವಾರಗಳ ಊರುಗೋಲು. ದೀರ್ಘಕಾಲದ ಚಿಕಿತ್ಸೆಗೆ ಚಟ ಹಿಡಿಸದ ಬೇರೆ ಔಷಧಗಳೂ, ಮಾತುಕತೆಯ ಮೂಲಕ ನಡೆಯುವ ಮನಶ್ಚಿಕಿತ್ಸೆಯೂ ಇವೆ. ವೃದ್ಧರು ಇದರ ಮಂಪರಿನಲ್ಲಿ ಬಿದ್ದು ಮೂಳೆ ಮುರಿದುಕೊಳ್ಳುವುದುಂಟು. ಇದನ್ನು ನುಂಗಿ ವಾಹನ ನಡೆಸಬಾರದು. ಗರ್ಭಿಣಿಯರು, ಉಸಿರಾಟದ ಕಾಯಿಲೆಯಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಕಾನೂನೂ ಈ ಎಚ್ಚರವನ್ನು ವಹಿಸಿದೆ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ಗಳು ಸೇರಿವೆ. ಇವುಗಳನ್ನು ಮಾರುವ ಔಷಧದಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿ ಕೇಳುವ ಅಂಗಡಿಯವನ ಮೇಲೆ ರೇಗುವವರು ಇದನ್ನು ನೆನೆಯಬೇಕು. ಚೀಟಿಯಿಲ್ಲದೆ ಕೊಡುವವನು ನಮ್ಮ ಹಿತೈಷಿಯಲ್ಲ.

ನೆರವು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಅಷ್ಟು ದೂರ ಹೋಗಲಾರದವರು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಗೆ, 14416 ಎಂಬ ಸಂಖ್ಯೆಗೆ, ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಸೆಳವು ಬಂದರೆ, ಇಲ್ಲದ್ದು ಕಂಡರೆ, ಗುರುತು ತಪ್ಪಿದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಬೇಕು.

ನಮ್ಮ ಸಮಾಜ ಬಿಡುವವನ ಛಲವನ್ನು ಹೊಗಳಲು ಬಲ್ಲದು. ಅವನ ನಡುಗುವ ಕೈಯನ್ನು ಹಿಡಿಯಲು ಕಲಿತಿಲ್ಲ. ಆಣೆ ಬೇಡವೆಂದು ನಾನು ಹೇಳುವುದಿಲ್ಲ. ಸಂಕಲ್ಪವಿಲ್ಲದೆ ಯಾವ ಮಾತ್ರೆಯೂ ಯಾರನ್ನೂ ಬಿಡಿಸಲಾರದು. ಆದರೆ ದಿನವೂ ಕುಡಿದವನು ಬಿಡುತ್ತೇನೆಂದಾಗ ಮನೆಯವರು ಅವನನ್ನು ದೇವರ ಮುಂದೆ ನಿಲ್ಲಿಸಿದ ದಿನವೇ ವೈದ್ಯರ ಮುಂದೆಯೂ ಕೂರಿಸಲಿ. ಮಾತ್ರೆಯ ಡಬ್ಬಿ ಇನ್ನೊಬ್ಬರ ಕೈಯಲ್ಲಿರಲಿ. ಮುಗಿಯುವ ದಿನವನ್ನು ಮೊದಲ ದಿನವೇ ಕೇಳಿ ಗೋಡೆಯ ಮೇಲೆ ಬರೆದಿಡಲಿ. ನಮ್ಮ ರೈತನ ಮನೆಯಲ್ಲಿ ಒಂಬತ್ತನೆಯ ಗೀಟು ಬಿದ್ದ ಮೇಲೆ ಡಬ್ಬಿಯಲ್ಲಿ ಮೂರು ಮಾತ್ರೆ ಉಳಿದಿದ್ದವು. ಆಕೆ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರಿಗೇ ಹಿಂದಿರುಗಿಸಿ ಬಂದಳು.